ಕೈಯಲ್ಲಿ ಕಾಣುವ ಪ್ರಾಸ: ಸನ್ನೆ ಭಾಷೆಯ ಕವಿತೆಯನ್ನು ನೋಡುವ ಬಗೆ

ಅಮೆರಿಕದ ಸನ್ನೆ ಭಾಷೆಯಲ್ಲಿ ತೋರುಬೆರಳನ್ನು ಹಣೆಯ ಮುಂದೆ ಅಡ್ಡಕ್ಕೆ ಎಳೆಯುತ್ತ ಕೊಕ್ಕೆಯಂತೆ ಮಡಚಿದರೆ ‘ಬೇಸಿಗೆ’. ಅದೇ ಬೆರಳು ಅದೇ ರೀತಿ ಮೂಗಿನ ಮುಂದೆ ಸರಿದರೆ ‘ಕುರೂಪ’, ಗದ್ದದ ಮುಂದೆ ಸರಿದರೆ ‘ಒಣಗಿದ್ದು’. ಕನ್ನಡದ ಕಾಲು, ಹಾಲು, ಪಾಲುಗಳನ್ನು ಒಂದೊಂದು ವ್ಯಂಜನ ಬೇರೆ ಮಾಡುವ ಹಾಗೆ ಇಲ್ಲಿ ಜಾಗವೇ ಪದಗಳನ್ನು ಬೇರೆ ಮಾಡುತ್ತದೆ. ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿಲಿಯಂ ಸ್ಟೋಕಿ ಇದನ್ನು 1960ರಲ್ಲಿ ವಿವರಿಸಿದರು. ಕೈಯ ಆಕಾರ, ಅದು ನಿಲ್ಲುವ ಜಾಗ, ಅದರ ಚಲನೆ ಈ ಮೂರೂ ಕೂಡಿ ಒಂದು ಸನ್ನೆಯಾಗುತ್ತದೆ ಎಂದರು. ಅಂಗೈ ಯಾವ ಕಡೆಗಿದೆ, ಮುಖ ಏನು ಹೇಳುತ್ತಿದೆ ಎಂಬುದನ್ನು ಆಮೇಲಿನ ವಿದ್ವಾಂಸರು ಸೇರಿಸಿದರು. ಸನ್ನೆ ಭಾಷೆಯ ಕವಿಗೆ ಸಿಗುವ ಅಕ್ಷರಗಳು ಇವೇ.

ಈ ಅಕ್ಷರಗಳು ಜಗತ್ತಿಗೆಲ್ಲ ಒಂದೇ ಅಲ್ಲ. ‘ಮರ’ಕ್ಕೆ ಅಮೆರಿಕದ ಕಿವುಡರು ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ, ಬೆರಳು ಬಿಡಿಸಿ ಅಲ್ಲಾಡಿಸುತ್ತಾರೆ. ಡೆನ್ಮಾರ್ಕಿನವರು ಎರಡು ಕೈಗಳಿಂದ ಮೊದಲು ಮರದ ನೆತ್ತಿಯನ್ನೂ ಆಮೇಲೆ ಕಾಂಡವನ್ನೂ ಗಾಳಿಯಲ್ಲಿ ಬರೆಯುತ್ತಾರೆ. ಚೀನಾದಲ್ಲಿ ಎರಡು ಕೈಗಳು ಕಾಂಡವನ್ನು ತಬ್ಬಿದಂತೆ ಮೇಲಕ್ಕೆ ಏರುತ್ತವೆ. ಮೂರರಲ್ಲೂ ಮರವಿದೆ, ಆದರೆ ಮರದಲ್ಲಿ ಏನನ್ನು ಆರಿಸಿಕೊಳ್ಳಬೇಕೆಂಬ ತೀರ್ಮಾನ ಬೇರೆ ಬೇರೆ. ಆಡುಭಾಷೆಯ ಗಡಿಗಳೂ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ ಮತ್ತು ಅಮೆರಿಕದ ಕೇಳುವ ಜನಕ್ಕೆ ಇಂಗ್ಲಿಷ್ ಒಂದೇ. ಕಿವುಡರ ಭಾಷೆಗಳು ಮಾತ್ರ ಪರಸ್ಪರ ಅರ್ಥವಾಗದಷ್ಟು ದೂರ. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶುರುವಾದ ಶಾಲೆಗೆ ಪ್ಯಾರಿಸ್‌ನಿಂದ ಲೊರಾಂ ಕ್ಲೆರ್ಕ್ ಎಂಬ ಕಿವುಡ ಶಿಕ್ಷಕ ಬಂದದ್ದರಿಂದ ಅಮೆರಿಕದ ಸನ್ನೆಗೆ ಫ್ರೆಂಚ್ ಸನ್ನೆಯ ನಂಟು ಬೆಳೆಯಿತು. ಅಮೆರಿಕದವರು ಇಂಗ್ಲಿಷ್ ಅಕ್ಷರಗಳನ್ನು ಒಂದು ಕೈಯಲ್ಲಿ ತೋರಿಸಿದರೆ ಬ್ರಿಟನ್ನಿನವರಿಗೆ ಎರಡು ಕೈ ಬೇಕು.

ಭಾರತದಲ್ಲಿ ಇದರ ತಿರುವುಮುರುವು. ಕನ್ನಡ, ಹಿಂದಿ, ಬಂಗಾಳಿಗಳ ನಡುವೆ ಇರುವಂಥ ಅಂತರ ಕಿವುಡರ ಸನ್ನೆಯಲ್ಲಿಲ್ಲ. ಮದನ್ ವಸಿಷ್ಠ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ದೆಹಲಿ, ಕಲ್ಕತ್ತಾ, ಮುಂಬೈ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿದಾಗ ಬಹುಪಾಲು ಸನ್ನೆಗಳು ಒಂದೇ ಮೂಲದವು ಎಂದು ಕಂಡಿತು. ಈ ಭಾಷೆಯಲ್ಲಿ ತಾಯಿಗೆ ಮೂಗುತಿಯ ಜಾಗ, ತಂದೆಗೆ ಮೀಸೆಯ ಜಾಗ. ‘ಎಲ್ಲಿ’, ‘ಏನು’ ಎಂಬ ಪ್ರಶ್ನೆಪದ ವಾಕ್ಯದ ಕೊನೆಯಲ್ಲಿ ಬಂದು ನಿಲ್ಲುತ್ತದೆ. ಹೀಗಾಗಿ ಕವಿತೆ ಯಾವ ಸನ್ನೆ ಭಾಷೆಯದು ಎಂದು ತಿಳಿದುಕೊಂಡೇ ನೋಡಲು ಕೂರಬೇಕು.

ಆಮೇಲೆ ಹುಡುಕಬೇಕಾದದ್ದು ಪ್ರಾಸ. ಹಳಗನ್ನಡದ ಕವಿ ಸಾಲುಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವನ್ನು ತಂದು ಕೂರಿಸುವ ಹಾಗೆ, ಸನ್ನೆಯ ಕವಿ ಒಂದೇ ಕೈ ಆಕಾರವನ್ನು ಸನ್ನೆಯಿಂದ ಸನ್ನೆಗೆ ದಾಟಿಸುತ್ತಾನೆ. ಬಿಡಿಸಿದ ಐದು ಬೆರಳು ಮರವಾಗಿ, ಮಳೆಯಾಗಿ, ಹರಿದ ಬೆಳಕಾಗಿ ಮುಂದುವರಿಯಬಹುದು. ಮುಷ್ಟಿ ಬಂದೊಡನೆ ಆ ಸರಣಿ ಮುರಿದು, ಅರ್ಥಕ್ಕೂ ಒಂದು ಪೆಟ್ಟು ಬೀಳುತ್ತದೆ. ಪ್ರಾಸ ಜಾಗದಲ್ಲೂ ಚಲನೆಯಲ್ಲೂ ಹುಬ್ಬಿನಲ್ಲೂ ಇರಬಹುದು. ಕವಿಯೂ ಭಾಷಾವಿಜ್ಞಾನಿಯೂ ಆಗಿದ್ದ ಕ್ಲೇಟನ್ ವ್ಯಾಲಿ ಈ ಪ್ರಾಸಗಳಿಂದಲೇ ಸನ್ನೆಯ ಕವಿತೆಯಲ್ಲಿ ‘ಸಾಲು’ ಎಲ್ಲಿ ಮುಗಿಯುತ್ತದೆಂದು ಗುರುತಿಸಿದರು. ಎ ಯಿಂದ ಝಡ್‌ವರೆಗಿನ ಅಕ್ಷರಗಳ ಕೈ ಆಕಾರಗಳನ್ನು ಕ್ರಮ ತಪ್ಪದೆ ಬಳಸಿ ಕಥೆ ಹೇಳುವುದು ಅಮೆರಿಕದ ಕಿವುಡರ ಹಳೆಯ ಆಟ. ಹೊಸಬರ ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಬಾಯಿಗೆ ಸಾಧ್ಯವಾಗದ್ದು ಕೈಗಳಿಗೆ ಸಾಧ್ಯ. ಒಂದು ಕೈ ಮರವನ್ನು ಹಿಡಿದು ನಿಂತಿರುವಾಗಲೇ ಇನ್ನೊಂದು ಹಕ್ಕಿಯಾಗಿ ಬಂದು ಕೂರುತ್ತದೆ. ಮಾತು ಒಂದಾದ ಮೇಲೊಂದು ಹೇಳಬೇಕಾದ್ದು ಇಲ್ಲಿ ಒಟ್ಟಿಗೆ ಇರುತ್ತದೆ. ಒಂದು ಸನ್ನೆಗೆ ಒಂದು ಮಾತಿನ ಸುಮಾರು ಎರಡರಷ್ಟು ಹೊತ್ತು ಹಿಡಿದರೂ, ಒಂದು ವಿಷಯವನ್ನು ಹೇಳಿ ಮುಗಿಸಲು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು ಸಾಕೆಂದು ಉರ್ಸುಲಾ ಬೆಲೂಗಿ ಮತ್ತು ಸೂಸನ್ ಫಿಶರ್ 1972ರಲ್ಲಿ ತೋರಿಸಿದ್ದಕ್ಕೆ ಈ ಒಟ್ಟಿಗಿರುವ ಗುಣವೇ ಕಾರಣ. ಕವಿ ಒಬ್ಬನನ್ನು ಎಡಕ್ಕೆ, ಇನ್ನೊಬ್ಬನನ್ನು ಬಲಕ್ಕೆ ಗೊತ್ತುಮಾಡಿಟ್ಟರೆ ‘ಕೊಡು’ ಎಂಬ ಸನ್ನೆ ಎಡದಿಂದ ಬಲಕ್ಕೆ ಸರಿದಾಗಲೇ ಕೊಟ್ಟವನಾರು, ಪಡೆದವನಾರು ಎಂಬುದು ಮುಗಿದಿರುತ್ತದೆ. ಆ ಜಾಗಗಳನ್ನು ನೋಡುಗರು ನೆನಪಿಟ್ಟುಕೊಳ್ಳಬೇಕು. ಎರಡು ಕೈಗಳ ಸಮತೋಲವನ್ನೂ ಗಮನಿಸಬೇಕು: ಜೊತೆಜೊತೆಗೆ ಚಲಿಸುತ್ತಿದ್ದವು ಎಲ್ಲಿ ಅಗಲಿದವೋ ಕವಿತೆಯ ತಿರುವು ಸಾಮಾನ್ಯವಾಗಿ ಅಲ್ಲಿರುತ್ತದೆ.

ಭರತನಾಟ್ಯದ ಮುದ್ರೆಗಳನ್ನು ಬಲ್ಲ ಕಣ್ಣಿಗೆ ಇಲ್ಲಿ ಒಂದು ಲಾಭ, ಒಂದು ತೊಡಕು. ಬೆರಳಿನ ಸೂಕ್ಷ್ಮ ಬೇಗ ಕಾಣುತ್ತದೆ. ಆದರೆ ಮುದ್ರೆ ಹಾಡಿನ ಸಾಹಿತ್ಯವನ್ನು ಹಿಂಬಾಲಿಸುತ್ತದೆ. ಸನ್ನೆಯ ಹಿಂದೆ ಯಾವ ಹಾಡೂ ಇಲ್ಲ, ಸನ್ನೆಯೇ ಸಾಹಿತ್ಯ. ಭಾಷೆ ಬಾರದವರು ‘ವಿಶುವಲ್ ವರ್ನ್ಯಾಕ್ಯುಲರ್’ ಎಂಬ ಪ್ರಕಾರದಿಂದ ಶುರುಮಾಡುವುದು ವಾಸಿ. ಪ್ಯಾರಿಸ್‌ನಲ್ಲಿ ಮೂಕಾಭಿನಯ ಕಲಾವಿದ ಮಾರ್ಸೆಲ್ ಮಾರ್ಸೋ ಬಳಿ ಕಲಿತ ಕಿವುಡ ನಟ ಬರ್ನಾರ್ಡ್ ಬ್ರ್ಯಾಗ್ ಬೆಳೆಸಿದ ಈ ಬಗೆಯಲ್ಲಿ ನಿಘಂಟಿನ ಸನ್ನೆಗಳು ಕಡಿಮೆ. ಸಿನಿಮಾದ ಹಾಗೆ ದೂರದ ನೋಟ, ಸಮೀಪದ ನೋಟ, ಥಟ್ಟನೆ ಬದಲಾಗುವ ಪಾತ್ರ, ಎಲ್ಲವೂ ಒಂದೇ ಮೈಯಲ್ಲಿ.

ನೋಡುವಾಗ ಕಣ್ಣು ಕೈಯ ಹಿಂದೆ ಓಡಬಾರದು. ಸನ್ನೆ ಬಲ್ಲವರು ಮುಖವನ್ನು ನೋಡುತ್ತಾರೆ. ಕೈಗಳು ನೋಟದ ಅಂಚಿನಲ್ಲಿ ತಾವಾಗಿ ಕಾಣುತ್ತವೆ. ಕನ್ನಡ ‘ಬಂದನಾ’ ಎಂದು ಒಂದು ಸ್ವರ ಸೇರಿಸಿ ಕೇಳುವುದನ್ನು ಹಲವು ಸನ್ನೆ ಭಾಷೆಗಳು ಹುಬ್ಬೇರಿಸಿ ಕೇಳುತ್ತವೆ. ಹಾಗಾಗಿ ಮುಖವನ್ನು ಬರೀ ಭಾವವೆಂದುಕೊಂಡವರಿಗೆ ವ್ಯಾಕರಣವೇ ತಪ್ಪಿಹೋಗುತ್ತದೆ. ಅನುವಾದಕರ ದನಿಯಿದ್ದರೆ ಅದನ್ನು ಒಮ್ಮೆ ಕೇಳಿ, ಎರಡನೆಯ ಸಲ ದನಿ ನಿಲ್ಲಿಸಿ ನೋಡಬೇಕು. ವೇಲ್ಸ್‌ನಲ್ಲಿ ಹುಟ್ಟಿ ಬಾಲ್ಯದಲ್ಲೇ ಕಿವುಡಾದ ಡಾರತಿ ಮೈಲ್ಸ್ ಸನ್ನೆಗೂ ಇಂಗ್ಲಿಷಿಗೂ ಏಕಕಾಲಕ್ಕೆ ಒಗ್ಗುವ ಕವಿತೆಗಳನ್ನು ಕಟ್ಟಿದರು. ಹಾಗೆ ಎರಡೂ ದಡ ಮುಟ್ಟುವ ಕವಿತೆ ಅಪರೂಪ.

ಸನ್ನೆ ಭಾಷೆಗಳಿಗೆ ದಿನಬಳಕೆಯ ಲಿಪಿಯಿಲ್ಲ, ಆದ್ದರಿಂದ ಈ ಕಾವ್ಯದ ಪುಸ್ತಕವೆಂದರೆ ಚಲನಚಿತ್ರ. ಶಾಲೆಗಳಲ್ಲಿ ಸನ್ನೆಗಿಂತ ಮಾತೇ ಮೇಲೆಂದು 1880ರ ಮಿಲಾನ್ ಸಮ್ಮೇಳನ ಗೊತ್ತುವಳಿ ಮಾಡಿದ ಮೇಲೆ, ತಮ್ಮ ಭಾಷೆ ಅಳಿದೀತೆಂಬ ಅಳುಕಿನಿಂದ ಅಮೆರಿಕದ ಕಿವುಡರ ಸಂಘ ಚಿತ್ರೀಕರಣಕ್ಕೆ ಇಳಿಯಿತು. ಜಾರ್ಜ್ ವೆಡಿಟ್ಜ್ 1913ರಲ್ಲಿ ಸನ್ನೆ ಭಾಷೆಯನ್ನು ಉಳಿಸಿಕೊಳ್ಳಬೇಕೆಂದು ಮಾಡಿದ ಭಾಷಣ ಇಂದಿಗೂ ನೋಡಲು ಸಿಗುತ್ತದೆ. ಒಬ್ಬ ಕವಿಯ ಕವಿತೆಯನ್ನು ಇನ್ನೊಬ್ಬರು ಮಾಡಿದ ದಾಖಲೆ ಸಿಕ್ಕರೆ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಬೇಕು. ಕೈ ಆಕಾರಗಳು ಅವೇ ಇದ್ದರೂ ತಡೆದು ನಿಲ್ಲುವ ಕ್ಷಣ, ನೋಟ ಹೊರಳುವ ದಿಕ್ಕು ಬೇರೆಯಾಗಿರುತ್ತವೆ.