ನೆರಳಿನ ಅಂಚನ್ನು ನೋಡುವ ಬಗೆ

ಚಂದ್ರಗ್ರಹಣ ಎಂದರೆ ಎಲ್ಲರೂ ಕಾಯುವುದು ಖಗ್ರಾಸಕ್ಕೆ. ಚಂದ್ರ ಪೂರಾ ಮುಳುಗಿ ಕೆಂಪಡರುವ ಹೊತ್ತು ಚೆಂದವೇ, ಅನುಮಾನವಿಲ್ಲ. ಆದರೂ ಗ್ರಹಣ ನೋಡಲು ಹೊಸದಾಗಿ ಕಲಿಯುವವರಿಗೆ ನಾನು ಮೊದಲು ತೋರಿಸಬಯಸುವುದು ಪಾರ್ಶ್ವಗ್ರಹಣವನ್ನು. ಅದರಲ್ಲಿ ಸ್ಪರ್ಶದಿಂದ ಮೋಕ್ಷದವರೆಗೂ ನೆರಳಿನ ಅಂಚು ಚಂದ್ರನ ಮುಖದ ಮೇಲೆಯೇ ಇರುತ್ತದೆ. ಅದು ನಾವು ನಿಂತ ಭೂಮಿಯ ಅಂಚು. ನೆಲ ಬಿಟ್ಟು ಮೇಲೇರದೆ ಭೂಮಿಯ ದುಂಡನ್ನು ಕಣ್ಣಾರೆ ಕಾಣಲು, ಕಂಡದ್ದನ್ನು ಅಳೆಯಲು ಇದಕ್ಕಿಂತ ಸಲೀಸಾದ ದಾರಿ ನನಗೆ ತೋರುವುದಿಲ್ಲ.

ಮೊದಲು ಕಣ್ಣು ಪಳಗಬೇಕು. ದಟ್ಟ ನೆರಳಿಗೂ ಮುನ್ನ ಅರೆನೆರಳು ಹಾಯುತ್ತದೆ; ಆಗ ಚಂದ್ರನ ಪೂರ್ವದ ಬದಿ ಕೊಂಚ ಮಂಕಾಗುತ್ತದೆ, ಅಷ್ಟೆ. ಅಲ್ಲಿ ಗೆರೆ ಹುಡುಕಬೇಡಿ, ಸಿಗುವುದಿಲ್ಲ. ದಟ್ಟ ನೆರಳು ಒಳಸರಿದ ಮೇಲೆ ಕಮಾನು ತಾನಾಗಿ ಮೂಡುತ್ತದೆ. ಇದು ಅಷ್ಟಮಿಯ ಚಂದ್ರನ ಹಾಗಲ್ಲ. ಚಂದ್ರನ ಕಲೆಗಳಲ್ಲಿ ಬೆಳಕು–ಕತ್ತಲೆಯ ಗೆರೆಯ ಎರಡು ತುದಿಗಳು ಯಾವಾಗಲೂ ಬಿಂಬದ ಎದುರುಬದುರು ಕೊನೆಗಳಲ್ಲಿರುತ್ತವೆ. ಗೆರೆಯ ಬಾಗು ದಿನದಿನಕ್ಕೂ ಬದಲಾಗುತ್ತದೆ. ಗ್ರಹಣದ ನೆರಳು ಎಲ್ಲಿ ಬೇಕಾದರೂ ಕತ್ತರಿಸುತ್ತದೆ, ಬಾಗು ಮಾತ್ರ ಬದಲಾಗದು. ಚಂದ್ರ ಮೂಡುವಾಗ ಹಿಡಿದ ಗ್ರಹಣವಾಗಲಿ ನೆತ್ತಿಯ ಮೇಲಿದ್ದಾಗ ಹಿಡಿದದ್ದಾಗಲಿ, ನೆರಳು ಬಡಗಿನಿಂದ ಬರಲಿ ತೆಂಕಿನಿಂದ ಬರಲಿ, ಅಂಚು ಒಂದೇ ತೆರನಾದ ದುಂಡು. ಎಲ್ಲ ದಿಕ್ಕಿನಿಂದಲೂ ದುಂಡು ನೆರಳು ಚೆಲ್ಲುವುದು ಗೋಲ ಮಾತ್ರ. ಭೂಮಿ ಗೋಲವೆನ್ನಲು ಅರಿಸ್ಟಾಟಲ್ ಮುಂದಿಟ್ಟ ಕಾರಣಗಳಲ್ಲಿ ಈ ಕಮಾನೂ ಒಂದು.

ಇನ್ನು ಅಳತೆ. ಒಡೆದ ಬಳೆಯ ಚೂರೊಂದು ಸಿಕ್ಕರೆ ಇಡೀ ಬಳೆಯ ಅಗಲ ಹೇಳಬಹುದಲ್ಲವೇ? ಇಲ್ಲಿಯೂ ಅದೇ ಲೆಕ್ಕ. ಗ್ರಹಣಮಧ್ಯದ ಹೊತ್ತಿಗೆ ತೆಗೆದ ಒಂದು ಫೋಟೊವನ್ನು ಚಂದ್ರ 10 ಸೆಂಟಿಮೀಟರ್ ಅಗಲ ಬರುವಂತೆ ಮುದ್ರಿಸಿ, ದೊಡ್ಡ ಹಾಳೆಯ ಮೇಲೆ ಅಂಟಿಸಿ. ನೆರಳಿನ ಅಂಚಿನಲ್ಲಿ ಮೂರು ಚುಕ್ಕಿ ಇಡಿ: ಎರಡು ಕೊಂಬುಗಳ ಹತ್ತಿರ, ಒಂದು ಕಮಾನಿನ ನಡುವೆ. ಚುಕ್ಕಿಗಳನ್ನು ಕೂಡಿಸುವ ಗೆರೆಗಳಿಗೆ ಲಂಬಾರ್ಧಕ ಎಳೆದರೆ ಅವು ಸೇರುವ ಜಾಗವೇ ನೆರಳಿನ ಕೇಂದ್ರ. ಹೈಸ್ಕೂಲಿನ ರೇಖಾಗಣಿತ ಸಾಕು. ಕೇಂದ್ರ ಅಂಚಿನಿಂದ ಸುಮಾರು 13 ಸೆಂಟಿಮೀಟರ್ ದೂರ ಹೋಗಿ ಚಿತ್ರದಿಂದ ಆಚೆ ಬೀಳುತ್ತದೆ, ದೊಡ್ಡ ಹಾಳೆ ಬೇಕಾದದ್ದು ಅದಕ್ಕೇ.

ಎಲ್ಲ ಗ್ರಹಣವೂ ಅಳತೆಗೆ ಒಗ್ಗುವುದಿಲ್ಲ. 2023ರ ಶೀಗೆಹುಣ್ಣಿಮೆಯ ರಾತ್ರಿ 1.05ರಿಂದ 2.24ರವರೆಗೆ ನಡೆದ ಗ್ರಹಣದಲ್ಲಿ ಚಂದ್ರನ ವ್ಯಾಸದ ನೂರಕ್ಕೆ 12 ಪಾಲು ಮಾತ್ರ ಮುಳುಗಿತ್ತು. ಅಂಥ ಚಿತ್ರದಲ್ಲಿ ಕಮಾನಿನ ಉಬ್ಬು ಮೂರೇ ಮಿಲಿಮೀಟರ್. ಪೆನ್ಸಿಲ್ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ ಮೂರನೆಯ ಒಂದು ಪಾಲು ಕೆಡುತ್ತದೆ. 2019ರ ಗುರುಪೂರ್ಣಿಮೆಯ ರಾತ್ರಿ ಬೇರೆಯೇ ಮಾತು. 1.31ಕ್ಕೆ ಸ್ಪರ್ಶ, 4.29ಕ್ಕೆ ಮೋಕ್ಷ, ನಡುವೆ ನೂರಕ್ಕೆ 65 ಪಾಲು ನೆರಳು. ಕಮಾನು ಬಿಂಬದ ಹೆಚ್ಚುಕಡಿಮೆ ಪೂರ್ತಿ ಅಗಲಕ್ಕೆ ಹಬ್ಬಿತ್ತು. ಉಬ್ಬು ಒಂದು ಸೆಂಟಿಮೀಟರಿಗೆ ಹತ್ತಿರ. ಅಳೆಯುವವನಿಗೆ ಹಬ್ಬವೆಂದರೆ ಅದು.

ಸರಿಯಾಗಿ ಎಳೆದರೆ ನೆರಳಿನ ಅಗಲ ಚಂದ್ರನ 2.6 ಪಟ್ಟಿನ ಸುತ್ತ ನಿಲ್ಲುತ್ತದೆ. ಸೇಮೋಸಿನ ಅರಿಸ್ಟಾರ್ಕಸ್ ಇದನ್ನು 2 ಎಂದಿದ್ದ, ಹಿಪ್ಪಾರ್ಕಸ್ ಎರಡೂವರೆ ಎಂದ, ಟಾಲೆಮಿ 2.6ಕ್ಕೆ ತಂದ. ಇದು ಭೂಮಿಯ ಅಗಲವಲ್ಲ, ಚಂದ್ರನಿರುವ ದೂರದಲ್ಲಿ ಕಿರಿದಾದ ನೆರಳಿನ ಅಗಲ. ಎಷ್ಟು ಕಿರಿದಾಗಿದೆ ಎಂಬುದನ್ನು ಅದೇ 2019ರ ಇನ್ನೊಂದು ಗ್ರಹಣ ಹೇಳುತ್ತದೆ. ಡಿಸೆಂಬರ್ 26ರಂದು ಮಂಗಳೂರು ಮತ್ತು ಕೊಡಗಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಕಂಕಣ ಎಂದರೆ ಚಂದ್ರನ ನೆರಳು ಭೂಮಿಯನ್ನು ಮುಟ್ಟಲು ಸ್ವಲ್ಪದರಲ್ಲಿ ಸಾಲದೆ ಹೋದದ್ದು. ಖಗ್ರಾಸದಲ್ಲಿ ಅದು ಕಷ್ಟಪಟ್ಟು ಮುಟ್ಟುತ್ತದೆ. ಅಂದರೆ ಅಷ್ಟು ದೂರ ಸಾಗುವುದರೊಳಗೆ ನೆರಳು ಒಂದು ಚಂದ್ರನಷ್ಟು ಸವೆಯುತ್ತದೆ. ಅದೇ ಸೂರ್ಯ, ಅದೇ ದೂರ. ಭೂಮಿಯ ನೆರಳೂ ಅಷ್ಟೇ ಸವೆಯಬೇಕು. 2.6ಕ್ಕೆ 1 ಕೂಡಿಸಿ: ಭೂಮಿ ಚಂದ್ರನ 3.6 ಪಟ್ಟು ಅಗಲ. ಇಂದಿನ ಅಳತೆಯಲ್ಲಿ ಭೂಮಿ 12,742 ಕಿಲೊಮೀಟರ್, ಚಂದ್ರ 3,474, ಭಾಗಿಸಿದರೆ 3.67. ಪೆನ್ಸಿಲ್ ಮತ್ತು ಸ್ಕೇಲಿನ ಕೆಲಸ ಇಷ್ಟು ಹತ್ತಿರ ಬರುತ್ತದೆ ಎಂಬುದು ನನಗೆ ಪ್ರತಿಸಲವೂ ರೋಮಾಂಚನ. ನಮ್ಮ ಆರ್ಯಭಟ 499ರ ಸುಮಾರಿಗೆ ಭೂಮಿಗೆ 1050 ಯೋಜನ, ಚಂದ್ರನಿಗೆ 315 ಯೋಜನ ಎಂದು ಕೊಟ್ಟ, ಅನುಪಾತ 3.33. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳೆಂದು ಹೇಳಿ, ಆ ನೆರಳಿನ ಉದ್ದ ಕಂಡುಹಿಡಿಯುವ ಸೂತ್ರವನ್ನೂ ತನ್ನ ಗ್ರಂಥದ ಗೋಲಪಾದವೆಂಬ ಭಾಗದಲ್ಲಿ ಇಟ್ಟಿದ್ದಾನೆ.

ಅಂಚು ಮಸುಕು ಎಂದು ಹೊಸಬರು ಬೇಸರಪಡುತ್ತಾರೆ. ನನಗೆ ಆ ಮಸುಕೇ ಈ ನೋಟದ ಜೀವ. ಗಾಳಿಯ ಹೊದಿಕೆಯಿಂದಾಗಿ ದಟ್ಟ ನೆರಳು ಲೆಕ್ಕಕ್ಕಿಂತ ಸುಮಾರು ನೂರಕ್ಕೆ ಎರಡು ಪಾಲು ದೊಡ್ಡದಾಗಿ ಕಾಣುತ್ತದೆ. 18ನೆಯ ಶತಮಾನದ ಆರಂಭದಲ್ಲೇ ಫ್ರಾನ್ಸಿನ ಫಿಲಿಪ್ ದ ಲಾ ಇರ್ ಇದನ್ನು ಗಮನಿಸಿದ್ದ. ಆಮೇಲೆ ಹವ್ಯಾಸಿಗಳು ಟೈಕೊ, ಕೊಪರ್ನಿಕಸ್, ಗ್ರಿಮಾಲ್ಡಿಯಂಥ ಕುಳಿಗಳನ್ನು ನೆರಳು ಯಾವ ಗಳಿಗೆಯಲ್ಲಿ ದಾಟಿತೆಂದು ಗಡಿಯಾರ ಹಿಡಿದು ಬರೆದಿಡುತ್ತ ಬಂದರು. 1842ರಿಂದ 2011ರವರೆಗಿನ ಅಂಥ 22,539 ಟಿಪ್ಪಣಿಗಳನ್ನು ಡೇವಿಡ್ ಹೆರಾಲ್ಡ್ ಮತ್ತು ರೋಜರ್ ಸಿನಟ್ ಒಟ್ಟುಮಾಡಿ ನೋಡಿದಾಗ, ನೆಲದಿಂದ ಸುಮಾರು 87 ಕಿಲೊಮೀಟರ್ ಎತ್ತರದವರೆಗೆ ಭೂಮಿ ಬೆಳೆದಿದೆಯೋ ಎಂಬಂತೆ ನೆರಳು ಬೀಳುತ್ತದೆ ಎಂದು ತಿಳಿಯಿತು. ಸಣ್ಣ ದೂರದರ್ಶಕ, ಸರಿಯಾದ ಗಡಿಯಾರ ಇದ್ದರೆ ನೀವೂ ಈ ಕೆಲಸಕ್ಕೆ ಕೈ ಹಚ್ಚಬಹುದು.

ಅಳತೆಗೆ ಒಗ್ಗುವ ಪಾರ್ಶ್ವಗ್ರಹಣವೊಂದು 2028ರ ಜುಲೈ 6ರಂದು ನಮ್ಮಲ್ಲಿ ಕಾಣಲಿದೆ. ಗ್ರಹಣಮಧ್ಯ ರಾತ್ರಿ ಸುಮಾರು 11.50ಕ್ಕೆ, ಚಂದ್ರನ ವ್ಯಾಸದ ಐದರಲ್ಲಿ ಎರಡು ಪಾಲು ಮುಳುಗುತ್ತದೆ. ಮುಂಗಾರಿನ ನಡುಗಾಲ, ಕರಾವಳಿ–ಮಲೆನಾಡಿನಲ್ಲಿ ಆಕಾಶ ಸಿಗುವ ಭರವಸೆ ಕಡಿಮೆ. ಸಾಧ್ಯವಿದ್ದವರು ಚಿತ್ರದುರ್ಗ, ಬಳ್ಳಾರಿಯ ಕಡೆಗೆ ಹೊರಡಿ. ಕ್ಯಾಮೆರಾದಲ್ಲಿ ಬೆಳಕು ಹೆಚ್ಚು ಬಿಟ್ಟರೆ ನೆರಳಿನ ಅಂಚು ಹಿಂದೆ ಸರಿಯುತ್ತದೆ, ಕಡಿಮೆ ಬಿಟ್ಟರೆ ಮುಂದೆ ಬರುತ್ತದೆ. ಆದ್ದರಿಂದ ನಾಲ್ಕಾರು ಬಗೆಯಲ್ಲಿ ತೆಗೆದಿಟ್ಟು, ಬೆಳಗಿದ ಭಾಗದ ಕಲೆಗಳು ಅಳಿಸಿಹೋಗದ ಚಿತ್ರವನ್ನು ಆರಿಸಿ. ಅಂಚು ಎಲ್ಲಿ ಎಂದು ಒಮ್ಮೆ ನಿರ್ಧರಿಸಿದ ಮೇಲೆ ಮೂರು ಚುಕ್ಕಿಗೂ ಅದೇ ನಿಯಮ ಇರಲಿ. ಅದೇ ವರ್ಷ ಡಿಸೆಂಬರ್ 31ರ ರಾತ್ರಿ ಖಗ್ರಾಸ ಗ್ರಹಣವೂ ಇದೆ. ಅದರ ಸ್ಪರ್ಶದ ನಂತರದ ಅರ್ಧ ಗಂಟೆಯಲ್ಲಿ ಇನ್ನೊಂದು ಚಿತ್ರ ತೆಗೆದು, ಎರಡೂ ಕಮಾನುಗಳನ್ನು ಒಂದೇ ಹಾಳೆಯ ಮೇಲೆ ಎಳೆದು ನೋಡಿ.