ಬುಟ್ಟಿ ಒಳಗ, ಹೆಣೆದವರು ಹೊರಗ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹೆಣಿಗೆ ಕಸುಬಿನ ಬಗ್ಗೆ ಬರೆಯಲು ಕೂತರೆ ನಮ್ಮ ಜಾನಪದ ಪಂಡಿತರಿಗೆ ಮೂರು ಮಾತು ತಪ್ಪದೆ ಬರುತ್ತವೆ: ಪರಂಪರೆ, ಸೊಬಗು, ಕೈಚಳಕ. ನಾಲ್ಕನೆಯ ಮಾತು ಬಾಯಿಗೇ ಬರುವುದಿಲ್ಲ. ಅದು ಜಾತಿ.

ಬಿದಿರಿನ ಬುಟ್ಟಿ, ಮೊರ, ತಟ್ಟಿ ಹೆಣೆಯೋರು ಮೇದಾರರು. ಈಚಲ ಗರಿಯ ಕಸಬರಿಗೆ, ಬುಟ್ಟಿ ಮಾಡಿ ಊರೂರು ತಿರುಗಿ ಮಾರೋರು ಕೊರಮರು, ಕೊರಚರು. ಹುಟ್ಟಿದ ಕೂಸನ್ನು ಮೊರದಾಗ ಮಲಗಿಸ್ತೀವಿ. ಮುತ್ತೈದೆಗೆ ಮೊರದಾಗ ಬಾಗಿನ ಕೊಡ್ತೀವಿ. ಸತ್ತವರನ್ನು ಬಿದಿರಿನ ಚಟ್ಟದ ಮ್ಯಾಲೆ ಒಯ್ತೀವಿ. ಮೊರ ದೇವರ ಜಗಲಿತನಕ ಹೋಗತೈತಿ. ಹೆಣೆದಾಕಿ ಮಾತ್ರ ಅಂಗಳದಾಗ ನಿಂತು ಜ್ವಾಳ ಇಸ್ಗೊಂಡು ಹೋಗಬೇಕಾಗಿತ್ತು. ಈಗ ಜ್ವಾಳದ ಬದಲು ರೊಕ್ಕ ಬಂದೈತಿ. ಅಂಗಳ ಅದೇ ಐತಿ. ಇದನ್ನು ಬಿಟ್ಟು ಸೊಬಗು ಬಣ್ಣಿಸುವುದು ಅರ್ಧ ಸತ್ಯವಲ್ಲ, ಪೂರಾ ಸುಳ್ಳು.

1871ರಿಂದ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಗಳ ಬಲದಿಂದ ಬ್ರಿಟಿಷ್ ಸರಕಾರ ಅನೇಕ ಅಲೆಮಾರಿ ಜಾತಿಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಕೊರಚರೂ ಆ ಪಟ್ಟಿಗೆ ಬಿದ್ದರು. ಬುಟ್ಟಿ ಹೊತ್ತು ತಿರುಗುವ ಬದುಕೇ ಗುನ್ಹೆ ಆಯಿತು. 1952ರಲ್ಲಿ ಕಾಯ್ದೆ ರದ್ದಾಯಿತು, ಅನುಮಾನ ರದ್ದಾಗಲಿಲ್ಲ.

1927ರ ಅರಣ್ಯ ಕಾಯ್ದೆ ಬಿದಿರನ್ನು ಗಿಡಮರಗಳ ಸಾಲಿಗೆ ಸೇರಿಸಿತು. 2017ರ ತಿದ್ದುಪಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಹಿಡಿತದಿಂದ ಬಿಡಿಸಿತು. ಸಂತೋಷ. ಹೊಲ ಇದ್ದವನು ಬಿದಿರು ಬೆಳೆದಾನು; ಹೊಲ ಇಲ್ಲದ ಮೇದಾರ ಏನು ಮಾಡಬೇಕು? ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ನೆಲದಾಗ ಬಿದಿರುಮೆಳೆ ಎಲ್ಲೈತಿ? ರೊಕ್ಕ ಕೊಟ್ಟು ತರಬೇಕು, ಹೆಣೆದು ಒಯ್ದು ಸಂತೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಯ ಎದುರು ಕೂಡಬೇಕು.

ಗಂಗಾವತಿ ತಾಲೂಕಿನ ಆನೆಗೊಂದಿ ನೋಡಿ. ಅಲ್ಲಿ ಗೊನೆ ಕಡಿದ ಮೇಲೆ ಉಳಿಯುವ ಬಾಳೆಯ ನಾರಿನಿಂದ ಹೆಂಗಸರು ಚೀಲ, ಬುಟ್ಟಿ ಹೆಣೆಯುತ್ತಾರೆ. ಬಾಳೆ ಊರಲ್ಲೇ ಇದೆ. ಹೊಳೆಯಾಚೆ ಹಂಪಿ ಇರುವುದರಿಂದ ಪ್ರವಾಸಿಗರು ಬರುತ್ತಾರೆ. ಕಸುಬು ಬದುಕುವುದು ಹೊಗಳಿಕೆಯಿಂದಲ್ಲ. ಕಚ್ಚಾಮಾಲು ಕೈಗೆ ಸಿಗಬೇಕು, ಕೊಳ್ಳುವವರು ಇರಬೇಕು.

ಹನ್ನೆರಡನೆಯ ಶತಮಾನದ ಮೇದಾರ ಕೇತಯ್ಯ, ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯ ಇವರ ಹೆಸರಲ್ಲಿ ಭಾಷಣ ಹೊಡೆಯೋರು ಬಹಳ. ಲಿಂಗ ಕೆರೆಗೆ ಜಾರಿದರೂ ಚಂದಯ್ಯ ಹುಲ್ಲಿನ ಹೊರೆ ಬಿಡಲಿಲ್ಲ ಅನ್ನೋ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆ ಹೊರೆಗೆ ಇವತ್ತು ಎಷ್ಟು ಬೆಲೆ ಅಂತ ಕೇಳೋದಿಲ್ಲ.

ನಾವೂ ಸಾಚಾ ಅಲ್ಲ. ಬಂಡಾಯದವರಾದ ನಾವು ಬುಟ್ಟಿಯನ್ನು ಕವಿತೆಯ ಪ್ರತಿಮೆ ಮಾಡಿಕೊಂಡೆವು. ಬಿದಿರು ಸೀಳುವಾಗ ಬೆರಳಿಗೆ ಹೊಕ್ಕ ಸಿಬಿರನ್ನು ನೋಡಲಿಲ್ಲ.

ಆದ್ದರಿಂದ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನ ಮೇದಾರ ಓಣಿಗೆ, ಕೊರಮರ ಗುಡಿಸಲಿಗೆ ಹೋಗಿ. ಕೈಚಳಕ ಹೊಗಳಬೇಡಿ, ಲೆಕ್ಕ ಬರೆಯಿರಿ. ಬಿದಿರಿಗೆ ಎಷ್ಟು ಕೊಟ್ಟರು? ಎಷ್ಟು ದಿನ ದುಡಿದರು? ಸಂತೆಯಲ್ಲಿ ಎಷ್ಟು ಬಂತು? ಕೂತು ಹೆಣೆಯುವ ಜಾಗದ ಹಕ್ಕುಪತ್ರ ಯಾರ ಹೆಸರಲ್ಲೈತಿ? ಈ ಲೆಕ್ಕ ಇಲ್ಲದ ಜಾನಪದ ನಮಗೆ ಬೇಡ.