ಅಂಗೈ ಕೆಳಗಿನ ಇಟ್ಟಿಗೆ

ನಿಪ್ಪಾಣಿಯ ತಂಬಾಕು, ಅಥಣಿ-ರಾಯಬಾಗದ ಕಬ್ಬಿನ ಹೊಲಗಳಲ್ಲಿ ದುಡಿದು ಸೊಂಟ ಹಿಡಿದವರಿಗೆ ತ್ರಿಕೋನಾಸನದಲ್ಲಿ ನೆಲ ಬಲು ದೂರ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಅಂಥವರ ಅಂಗೈ ಕೆಳಗೆ ಮರದ ಇಟ್ಟಿಗೆಯಿಟ್ಟರು. ಕೈ ಊರಿದ್ದೇ ತಡ, ಕುಗ್ಗಿದ ಪಕ್ಕೆ ಉದ್ದವಾಗುತ್ತದೆ, ಎದೆ ತೆರೆಯುತ್ತದೆ, ಉಸಿರು ಸಲೀಸಾಗುತ್ತದೆ. ಬಗ್ಗದ ಬೆನ್ನಿಗೆ ಕುರ್ಚಿ, ಪಾದ ಎಟುಕದ ಕೈಗೆ ಪಟ್ಟಿ, ಗೋಡೆಗೆ ಹಗ್ಗ.

ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ನಲುಗಿದ ದೇಹ ಅವರದು. ನೋವಿನ ಪರಿಚಯ ಚೆನ್ನಾಗಿಯೇ ಇತ್ತು. 1936ರಲ್ಲಿ ಗುರು ಕೃಷ್ಣಮಾಚಾರ್ಯರೊಂದಿಗೆ ನಮ್ಮ ಸೀಮೆಗೆ ಬಂದಾಗ ಅಯ್ಯಂಗಾರರ ಆಸನಗಳನ್ನು ಕಂಡು ಮೆಚ್ಚಿದವರು ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ. ಮರುವರ್ಷ ಪುಣೆಗೆ ಕರೆಸಿಕೊಂಡವರೂ ಅವರೇ.

ಪಾಠದಲ್ಲಿ ಅಯ್ಯಂಗಾರರು ಬಲು ಕಟುವಾಗಿದ್ದರು. ಆದರೂ ಆ ಇಟ್ಟಿಗೆಯಲ್ಲಿರುವ ಕರುಣೆಯೇ ನನಗೆ ದೊಡ್ಡದು. ಅದನ್ನು ಊರಿ ನಿಂತ ಎಪ್ಪತ್ತರ ಆಯಿಯದೂ ಪೂರ್ತಿ ಆಸನವೇ.